ಬೇಸಗೆಯ ರಜಾದಲ್ಲಿ ಮಧ್ಯಾಹ್ನದ ಊಟ

ಬೇಸಗೆಯ ರಜಾ ಎಂದೊಡನೆ ಈ ಸಂಚಿಕೆಯ ವಾಚಕರಲ್ಲಿ ಅನೇಕರಿಗೆ ಅಜ್ಜಿಯ ಮನೆಯೂ, ಮಾವಿನ ತೋಪೂ, ಮಹಡಿಯ ಮೇಲೆ ಒಣಗಲಿಕ್ಕಿದ ಹಪ್ಪಳ ಸಂಡಿಗೆಗಳೂ ನೆನಪಿಗೆ ಬರುವವು. ನಮಗೂ ಹಾಗೆಯೇ. ನಾವು ಮೂವರು ಈ ಶಾಲೆಯ ಒಂದೇ ತರಗತಿಯಲ್ಲಿ ಓದಿ, ತರುವಾಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉಪಾಧ್ಯಾಯಿನಿಯರಾಗಿದ್ದು ನಿವೃತ್ತರಾದವರು. ಅಷ್ಟು ವರ್ಷಗಳಲ್ಲಿಯೂ ಏಪ್ರಿಲ್ ತಿಂಗಳು ಬಂದಾಗಲೆಲ್ಲ ಮಕ್ಕಳಿಗೆ ಸುಖವಾಗಿ ಹೋಗಿಬನ್ನಿರೆಂದು ಹೇಳಿ ಕಳುಹಿಸುತ್ತಿದ್ದೆವಲ್ಲದೆ, ಅವರು ಎಲ್ಲಿಗೆ ಹೋಗುವರು, ಹೋದಲ್ಲಿ ಮಧ್ಯಾಹ್ನಕ್ಕೆ ಏನನ್ನು ಉಣ್ಣುವರು ಎಂದು ಒಂದು ಸಾರಿಯಾದರೂ ವಿಚಾರಿಸಿದವರಲ್ಲ.

ಇದನ್ನು ನಮಗೆ ತೋರಿಸಿಕೊಟ್ಟವಳು ಬಿಸಿಯೂಟದ ಅಡುಗೆಯಾಕೆ. ಒಂದು ವರ್ಷ ಶಾಲೆ ಪುನಃ ತೆರೆದ ವಾರದಲ್ಲಿ ಆಕೆಯು ಗೊತ್ತಾದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಹಾಕುತ್ತಿರುವದನ್ನು ನಮ್ಮಲ್ಲೊಬ್ಬರು ಕಂಡು, ಲೆಕ್ಕಕ್ಕೆ ಉತ್ತರ ಹೇಳಬೇಕಾದವರು ಯಾರೆಂದು ಸ್ವಲ್ಪ ಬಿರುಸಾಗಿಯೇ ಕೇಳಿದರು. ಆಕೆ ಸೌಟನ್ನು ಕೆಳಗಿಡದೆ, "ರಜಾ ಕಳೆದು ಬಂದವೆ ಟೀಚರಮ್ಮ. ಒಂದು ಹದಿನೈದು ದಿನ ಹಿಂಗೇ ಉಣ್ತವೆ. ಆಮೇಲೆ ಅಳತೆಗೆ ಬರ್ತವೆ" ಅಂದಳು. ಆ ಮೇಲೆ ನಾವು ಕಣ್ಣಿಟ್ಟು ನೋಡಿದೆವು. ಮಾರ್ಚಿಯಲ್ಲಿ ಸರಿಯಾಗಿದ್ದ ಲಂಗವನ್ನು ಜೂನಿನಲ್ಲಿ ಪಿನ್ನು ಚುಚ್ಚಿ ನಿಲ್ಲಿಸಿಕೊಂಡ ಹುಡುಗಿಯರು ಒಬ್ಬಿಬ್ಬರಲ್ಲ. ನಾವು ಇಷ್ಟು ವರ್ಷ ಹಾಜರಿಪುಸ್ತಕವನ್ನು ನೋಡಿದ್ದೆವೇ ಹೊರತು ಮಕ್ಕಳನ್ನು ನೋಡಿದ್ದಿಲ್ಲ.

ಸರಕಾರವು ಏನೂ ಮಾಡಲಿಲ್ಲವೆಂದು ಹೇಳುವದು ನ್ಯಾಯವಲ್ಲ. 1995ರ ಯೋಜನೆಯ ಮೇರೆಗೆ ತಿಂಗಳಿಗೆ 3 ಕಿಲೋ ಧಾನ್ಯವನ್ನು ಮಕ್ಕಳ ಚೀಲಕ್ಕೆ ಅಳೆದು ಹಾಕಿದವರಲ್ಲಿ ನಾವೂ ಇದ್ದೆವು. ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅಪ್ಪಣೆ ಮಾಡಿತು. ನಮ್ಮ ರಾಜ್ಯದಲ್ಲಿ 2002-03ನೆಯ ಸಾಲಿನಲ್ಲಿ ಉತ್ತರದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹವು ಮೊದಲಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2004ರ ಏಪ್ರಿಲಿನಲ್ಲಿ ಅದೇ ಕೋರ್ಟು ಬರಗಾಲ ಬಿದ್ದ ಪ್ರದೇಶಗಳಲ್ಲಿ ಬೇಸಗೆಯ ರಜಾದಲ್ಲಿಯೂ ಊಟವನ್ನು ನಿಲ್ಲಿಸಕೂಡದೆಂದು ಹೇಳಿತು. 2024ರಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಎಣಿಸಲ್ಪಟ್ಟಿದ್ದಾಗ ಆ ಪ್ರಕಾರ ರಜಾದಿನಗಳಲ್ಲಿ ಊಟ ನಡೆದದ್ದನ್ನು ನಾವು ಕಣ್ಣಾರೆ ಕಂಡೆವು. ಆದರೆ ಇದೆಲ್ಲ ಮಳೆಯ ಲೆಕ್ಕ. ಮಳೆ ಚೆನ್ನಾಗಿ ಬಿದ್ದ ವರ್ಷದಲ್ಲಿ ಗಾರೆ ಕೆಲಸದವಳ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಒಲೆ ಹೊತ್ತುವದೆಂದು ಯಾರೂ ತಿಳಿಯಬಾರದು. ಆಕೆ ಬೆಳಿಗ್ಗೆ 7 ಗಂಟೆಗೆ ಬಾಗಿಲು ಹಾಕಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವಳು. ಮಕ್ಕಳಿಗೆ ಶಾಲೆಯು ಓದಿನ ಸ್ಥಳವಾಗಿದ್ದಷ್ಟೇ ಊಟದ ಮನೆಯೂ ನೆರಳೂ ಆಗಿತ್ತು. ಮೂರೂ ಒಂದೇ ದಿನ ಮುಚ್ಚಿಹೋಗುವವು.

2018ರ ಏಪ್ರಿಲಿನಲ್ಲಿ ನಾವು ಮೂವರೂ ಕೂಡಿ, ನಮ್ಮ ಊರಿನ ಒಂದು ಹಳೆಯ ಹಜಾರವನ್ನೂ ಅದರ ಮುಂದಿನ ಬೇವಿನ ಮರದ ನೆರಳನ್ನೂ ಕೇಳಿ ಪಡೆದು, ಅದೇ ಅಡುಗೆಯಾಕೆಯನ್ನು ಕರೆದುಕೊಂಡು ಕೆಲಸಕ್ಕೆ ಕೈಹಾಕಿದೆವು. ಬಾಗಿಲಲ್ಲಿ ದೊಡ್ಡ ಅಕ್ಷರಗಳಲ್ಲಿ 'ಬಡ ಮಕ್ಕಳಿಗೆ ಉಚಿತ ಊಟ' ಎಂದು ಬರೆಯಿಸಿ ಹಾಕಿದೆವು. ಬಣ್ಣದವನಿಗೆ ಕೂಲಿ ಕೊಟ್ಟು, ದೂರ ನಿಂತು ನೋಡಿ ಸಂತೋಷಪಟ್ಟೆವೆಂಬದನ್ನೂ ಮುಚ್ಚಿಡುವದಿಲ್ಲ. ಮೊದಲನೆಯ ದಿನ 50 ತಟ್ಟೆಗಳನ್ನು ತೊಳೆದಿಟ್ಟಿದ್ದೆವು. ಬಂದ ಮಕ್ಕಳು 9. ಎರಡನೆಯ ದಿನ 7. ಉಳಿದ ಅನ್ನವನ್ನು ಮೊಸರು ಕಲಸಿ ಯಾರು ಯಾರಿಗೋ ಹಂಚಿದೆವು. ಈ ಜನರಿಗೆ ಉಪಕಾರವೇ ಬೇಕಿಲ್ಲವೆಂದು ನಮ್ಮಲ್ಲಿ ಮಾತು ಹುಟ್ಟುವಷ್ಟರಲ್ಲಿ, ಮೂರನೆಯ ದಿನ, ಬೀದಿಯಲ್ಲಿ ಹೂ ಮಾರುವ ಒಬ್ಬ ತಾಯಿ ಬುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತು, "ಅಮ್ಮಾವ್ರೇ, ನಾವು ದುಡಿದು ತಿನ್ನೋರು. ಆಟ ಆಡಿಸ್ತೀವಿ, ಹಾಡು ಹೇಳಿಕೊಡ್ತೀವಿ ಅನ್ನಿ, ಕಳಿಸ್ತೀನಿ. ಅನ್ನಕ್ಕೆ ಹೋಗು ಅಂತ ನನ್ನ ಮಗಳನ್ನ ನಾನು ಕಳಿಸಲ್ಲ" ಎಂದು ಹೇಳಿ ಹೊರಟುಹೋದಳು.

ಆ ಸಾಯಂಕಾಲವೇ ಹಲಗೆಯನ್ನು ಇಳಿಸಿದೆವು. ಅದರ ಹಿಂಬದಿಯಲ್ಲಿ ನಾವೇ ಸೀಮೆಸುಣ್ಣದಿಂದ 'ಬೇಸಗೆಯ ಆಟ ಪಾಠ, ಬೆಳಿಗ್ಗೆ 9ರಿಂದ 1ರವರೆಗೆ, ಎಲ್ಲಾ ಮಕ್ಕಳೂ ಬರಬಹುದು' ಎಂದು ಬರೆದೆವು. ಊಟವೆಂಬ ಶಬ್ದವೇ ಇರಲಿಲ್ಲ. ಎರಡನೆಯ ವಾರದ ಕೊನೆಗೆ 63 ಮಕ್ಕಳಾದರು. ಹೂವಿನವಳ ಮಗಳು ಮೊದಲನೆಯ ಸಾಲಿನಲ್ಲಿಯೇ ಕುಳಿತಿದ್ದಳು.

ನಮ್ಮೊಡನೆ ಓದಿದವಳೊಬ್ಬಳು ದಾದಿಯಾಗಿ ಇಂಗ್ಲೆಂಡಿಗೆ ಹೋಗಿ, ಈಗ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ನೆಲಸಿದ್ದಾಳೆ. ಈ ಹಲಗೆಯ ಸಂಗತಿಯನ್ನು ನಾವು ನಗೆಮಾತಾಗಿ ಬರೆದು ಕಳುಹಿಸಿದಾಗ ಆಕೆಯಿಂದ ಬಂದ ಉತ್ತರವು ನಮ್ಮನ್ನು ಬೆರಗುಗೊಳಿಸಿತು. ಆ ಪಟ್ಟಣದಲ್ಲಿಯೇ 1907ರಲ್ಲಿ ಡಾಕ್ಟರ್ ರಾಲ್ಫ್ ಕ್ರೌಲಿ ಎಂಬ ಶಾಲಾವೈದ್ಯರು ಸುಮಾರು 40 ಮಂದಿ ಬಡಮಕ್ಕಳಿಗೆ ಏಪ್ರಿಲಿನಿಂದ ಜುಲೈವರೆಗೆ ಬೆಳಗಿನ ಗಂಜಿಯನ್ನೂ ಮಧ್ಯಾಹ್ನದ ಊಟವನ್ನೂ ಕೊಡಿಸಿ ಅವರ ತೂಕವನ್ನು ಬರೆದಿಡಿಸಿದರಂತೆ. ಮಕ್ಕಳು ತೂಕದಲ್ಲಿ ಏರುತ್ತಾ ಬಂದರು. ನಡುವೆ ಪಂಚಾಶತ್ತಮ ಹಬ್ಬದ ರಜಾ ಬಂದು ಊಟ ನಿಂತಾಗ ತೂಕವು ಇಳಿಯಿತು. ನಮ್ಮ ಅಡುಗೆಯಾಕೆ ಅಕ್ಕಿಯ ಅಳತೆಯಿಂದ ಅರಿತದ್ದನ್ನು ಆ ವೈದ್ಯರು ತಕ್ಕಡಿಯಿಂದ ಅರಿತಿದ್ದರು. 1906ರ ಕಾನೂನು ಶಾಲೆ ನಡೆಯುವ ದಿನಗಳ ಊಟಕ್ಕೆ ಮಾತ್ರ ಅನ್ವಯಿಸುತ್ತಿದ್ದದ್ದು 1914ರಲ್ಲಿ ತಿದ್ದುಪಡಿಯಾಗಿ ರಜಾದಿನಗಳಿಗೂ ಅನುಮತಿ ದೊರೆಯಿತಂತೆ. ಆ 40 ಮಕ್ಕಳ ಮೇಜಿನ ಮೇಲೆ ಬಟ್ಟೆ ಹಾಸಿ ಹೂಗಳನ್ನಿಟ್ಟಿದ್ದರೆಂಬದನ್ನು ನಮ್ಮ ಗೆಳತಿಯು ಅಡಿಗೆರೆ ಹಾಕಿ ಬರೆದಿದ್ದಳು.

ಈ ಕಾಲದಲ್ಲಿಯೂ ಅಲ್ಲಿ ರಜಾಕೂಟಗಳು ಉಂಟು. 2018ರಲ್ಲಿ ಕೆಲವು ಕಡೆ ಪರೀಕ್ಷಾರ್ಥವಾಗಿ ಆರಂಭವಾದ ಯೋಜನೆಯು 2021ರಲ್ಲಿ 22 ಕೋಟಿ ಪೌಂಡುಗಳ ವೆಚ್ಚದಲ್ಲಿ ಇಂಗ್ಲೆಂಡಿನ ಎಲ್ಲಾ ಸ್ಥಳೀಯ ಆಡಳಿತಗಳಿಗೂ ವಿಸ್ತಾರವಾಯಿತು. ಅದರ ನಡುವಿನ 2020ರಲ್ಲಿ, ಬಾಲ್ಯದಲ್ಲಿ ತಾನೇ ಶಾಲೆಯ ಉಚಿತ ಊಟವನ್ನು ಉಂಡು ಬೆಳೆದ ಮಾರ್ಕಸ್ ರಾಶ್‌ಫರ್ಡ್ ಎಂಬ ಫುಟ್‌ಬಾಲ್ ಆಟಗಾರನು ಪಾರ್ಲಿಮೆಂಟಿನ ಸದಸ್ಯರಿಗೆ ಬಹಿರಂಗವಾಗಿ ಪತ್ರ ಬರೆದದ್ದರಿಂದ ಆ ಬೇಸಗೆಯ ರಜಾಕ್ಕೂ ಸರಕಾರವು ಊಟದ ಚೀಟಿಗಳನ್ನು ಕೊಡಲೊಪ್ಪಿತು. ಈಸ್ಟರಿನಲ್ಲಿ ಒಂದು ವಾರ, ಕ್ರಿಸ್ತಜಯಂತಿಯಲ್ಲಿ ಒಂದು ವಾರ, ಬೇಸಗೆಯಲ್ಲಿ ನಾಲ್ಕು ವಾರ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಾಲ್ಕು ಗಂಟೆ. ಆಟವೂ ಕೈಗೆಲಸವೂ ಒಂದು ಊಟವೂ ಅದರ ಕ್ರಮ. ಅದರ ಹೆಸರಿನಲ್ಲಿಯೂ 'ಚಟುವಟಿಕೆ' ಎಂಬದು ಮೊದಲು, 'ಆಹಾರ' ಎಂಬದು ಆಮೇಲೆ. "ಇಲ್ಲಿಯ ತಾಯಂದಿರೂ ನಿಮ್ಮ ಹೂವಿನವಳ ಜಾತಿಯವರೇ" ಎಂದು ಗೆಳತಿಯು ಬರೆದಳು.

ಇಷ್ಟಾದ ಮೇಲೆ ನಾವು ಜಾಣರಾದೆವೆಂದೇ ತಿಳಿದಿದ್ದೆವು. ಈಗ ಬರೆಯುವ ಸಂಗತಿಯನ್ನು ಬರೆಯದೆ ಬಿಟ್ಟರೆ ಈ ಲೇಖನವು ಸುಳ್ಳಾಗುವದು.

ಮಕ್ಕಳು ಹೆಚ್ಚಾದಾಗ, 6 ವರ್ಷಕ್ಕಿಂತ ಚಿಕ್ಕವರನ್ನು ಒಳಗೆ ಬಿಡಬಾರದೆಂದು ನಾವು ಒಂದು ಕಟ್ಟಳೆ ಮಾಡಿದೆವು. ಕೂಸುಗಳು ಅತ್ತರೆ ಪಾಠ ಕೆಡುವದು, ಒಲೆ ಹತ್ತಿರ ಹೋದರೆ ಅಪಾಯ, ನೋಡಿಕೊಳ್ಳುವದಕ್ಕೆ ಜನವಿಲ್ಲ. ಕಾರಣಗಳೆಲ್ಲಾ ಸರಿಯಾಗಿಯೇ ಇದ್ದವು. ಒಂದು ದಿನ ಸುಮಾರು ಹತ್ತು ವರ್ಷದ ಹುಡುಗಿಯೊಬ್ಬಳು ಸೊಂಟದಲ್ಲಿ ಒಂದು ವರ್ಷದ ತಮ್ಮನನ್ನು ಎತ್ತಿಕೊಂಡು ಬಂದಳು. ಕೂಸನ್ನು ಮನೆಯಲ್ಲಿ ಬಿಟ್ಟು ಬಾ ಎಂದು ಬಾಗಿಲಲ್ಲಿಯೇ ಹೇಳಿದೆವು. ಆಕೆ ತಲೆ ಅಲ್ಲಾಡಿಸಿ ಹೋದಳು. ಮರುದಿನವೂ ಬಂದಳು, ಒಳಗೆ ಬರಲು ಕೇಳಲಿಲ್ಲ, ಕಂಬಿಯ ಆಚೆ ನಿಂತು ಕುಂಟೆಬಿಲ್ಲೆಯ ಮನೆಗಳನ್ನೇ ನೋಡುತ್ತಿದ್ದಳು. ಕೂಸನ್ನು ಎಡಸೊಂಟದಿಂದ ಬಲಸೊಂಟಕ್ಕೆ ಬದಲಾಯಿಸುವಳು, ಮತ್ತೆ ನೋಡುವಳು. ಹೀಗೆ ನಾಲ್ಕು ದಿನ. ಐದನೆಯ ದಿನ ಬರಲಿಲ್ಲ.

ವಾರ ಕಳೆದ ಮೇಲೆ ಅಡುಗೆಯಾಕೆಯೇ ಕೇಳಿದಳು: "ಕೂಸನ್ನ ಮನೇಲಿ ಬಿಟ್ಟು ಬಾ ಅಂದ್ರಲ್ಲ ಟೀಚರಮ್ಮ, ಮನೇಲಿ ಯಾರ ಹತ್ರ ಬಿಡ್ತಾಳೆ? ಕೂಸನ್ನ ನೋಡ್ಕೊಳ್ಳೋಕೇ ಅಲ್ವಾ ಅವಳನ್ನ ಮನೇಲಿ ಬಿಟ್ಟಿರೋದು?" ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನಮಗೆ ಈ ಪ್ರಶ್ನೆಯು ಹೊಳೆದಿರಲಿಲ್ಲ. ಅದೇ ಸಂಜೆ ವಿಚಾರಿಸಿಕೊಂಡು ಹೋದೆವು. ದೊಡ್ಡ ಕಟ್ಟಡವೊಂದರ ಹಿಂದೆ ತಗಡಿನ ಗುಡಿಸಲುಗಳ ಸಾಲಿತ್ತು. ತಾರಸಿಯ ಕೆಲಸ ಮುಗಿದು ಆ ಕುಟುಂಬವು ಎರಡು ದಿನದ ಹಿಂದೆ ಬೇರೆ ಊರಿಗೆ ಹೊರಟುಹೋಗಿತ್ತು. ಯಾವ ಊರಿಗೆಂದು ನೆರೆಯವರಿಗೆ ತಿಳಿಯದು. ನಾವು ಆಕೆಯ ಹೆಸರನ್ನೂ ಕೇಳಿರಲಿಲ್ಲ.

ಮಾರನೆಯ ದಿನ ಹಜಾರದ ತೊಲೆಗೆ ಹಳೆಯ ಸೀರೆಯಿಂದ ಒಂದು ಜೋಲಿ ಕಟ್ಟಿದೆವು. ಕಟ್ಟಳೆಯನ್ನು ಅಳಿಸಿದೆವು. ಮೂರು ದಿನಗಳಲ್ಲಿ ನಾಲ್ಕು ಹುಡುಗಿಯರು ಕೂಸುಗಳೊಂದಿಗೆ ಬಂದರು. ಅವರೂ ಎಲ್ಲಿಯೋ ಕಂಬಿಯ ಆಚೆ ಇದ್ದವರೇ ಸರಿ. ಈಗ ಮೂರು ಜೋಲಿಗಳಿವೆ. ನಮ್ಮಲ್ಲಿ ಮೊಣಕಾಲು ನೋವಿನಿಂದ ಆಟವಾಡಿಸಲಾರದವರು ತೂಗುವ ಕೆಲಸಕ್ಕೆ ನೇಮಕವಾಗಿದ್ದಾರೆ. ಕೂಸು ಜೋಲಿಯಲ್ಲಿ ಮಲಗಿದ ಮೇಲೆ ಆ ಹುಡುಗಿಯರು ಮೊದಲ ಒಂದೆರಡು ದಿನ ಆಡುವದಿಲ್ಲ; ಕೈಗಳನ್ನು ಏನು ಮಾಡುವದೆಂದು ತಿಳಿಯದವರ ಹಾಗೆ ನಿಲ್ಲುವರು. ಆಮೇಲೆ ಲಗೋರಿಯಲ್ಲಿ ಅವರನ್ನು ಹಿಡಿಯುವವರಿಲ್ಲ.

ನಿತ್ಯದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊರಗಿನ ಆಟ. ಆ ಮೇಲೆ ನೆರಳಿನಲ್ಲಿ ಅಳಗುಳಿಮಣೆ, ಚೌಕಾಬಾರ, ಹೊಲಿಗೆ, ಚಿತ್ರ, ಕಥೆ. ಊಟಕ್ಕೆ ಬಿಸಿಯೂಟದ ಅಳತೆಯನ್ನೇ ಹಿಡಿದಿದ್ದೇವೆ: 60 ಚಿಕ್ಕ ಮಕ್ಕಳಿಗೆ 6 ಕಿಲೋ ಅಕ್ಕಿ, 1.2 ಕಿಲೋ ಬೇಳೆ, 3 ಕಿಲೋ ತರಕಾರಿ. ಮೊದಲನೆಯ ವಾರ ಮಾತ್ರ ಅಡುಗೆಯಾಕೆಯ ಅಳತೆ. ಬುಧವಾರ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು, ದಿನವೂ ಮಜ್ಜಿಗೆ. ಬಡಿಸುವವರು ಮಕ್ಕಳ ಸಾಲಿನಲ್ಲಿಯೇ ಕುಳಿತು ಅದೇ ಊಟವನ್ನು ಉಣ್ಣತಕ್ಕದ್ದೆಂಬದು ನಮ್ಮ ಹೊಸ ಕಟ್ಟಳೆ. ಉಪ್ಪು ಕಡಿಮೆಯಾದ ದಿನ ಅದರ ಪ್ರಯೋಜನವು ಬೇಗನೆ ತಿಳಿಯುವದು.

ಹಳೆಯ ವಿದ್ಯಾರ್ಥಿನಿಯರು ಒಂದೊಂದು ದಿನದ ದಿನಸಿಯನ್ನು ಕೊಡುತ್ತಾ ಬಂದಿದ್ದಾರೆ. ಅವರಿಗೆ ನಾವು ಋಣಿಗಳು. ಆದರೂ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವೆವು, ಯಾರೂ ನೊಂದುಕೊಳ್ಳಬಾರದು. ತಟ್ಟೆ ಹಿಡಿದ ಮಕ್ಕಳೊಂದಿಗೆ ಪಟ ತೆಗೆಯಿಸಿಕೊಳ್ಳಲು ನಾವು ಒಪ್ಪುವದಿಲ್ಲ. ಒಬ್ಬ ದಾನಿಗಳು ಇದರಿಂದ ಬೇಸರಗೊಂಡು ಹೊರಟುಹೋದರು, ಆ ದಿನದ ಬೇಳೆಯನ್ನು ಸಾಲ ತಂದೆವು. ಪಟ ಬೇಕಾದವರು ಬೆಳಿಗ್ಗೆ 9 ಗಂಟೆಗೆ ಬಂದು ಲಗೋರಿ ಆಡಲಿ. ಎಷ್ಟು ಬೇಕಾದರೂ ತೆಗೆಯಿಸಿಕೊಡುವೆವು.

2020 ಮತ್ತು 2021ರಲ್ಲಿ ಮಹಾಮಾರಿಯ ನಿಮಿತ್ತ ಹಜಾರವನ್ನು ತೆರೆಯಲಾಗಲಿಲ್ಲ. ಅಕ್ಕಿ ಬೇಳೆಯ ಗಂಟುಗಳನ್ನು ಮನೆಗಳಿಗೆ ಮುಟ್ಟಿಸಿದೆವು. ಅದು ಊಟವಾಯಿತು, ರಜಾ ಆಗಲಿಲ್ಲ. 2024ರಲ್ಲಿ ಸರಕಾರದ ಊಟವು ದೊರೆತ ಬೇಸಗೆಯಲ್ಲಿ, ಇನ್ನು ನಿಮ್ಮ ಕೆಲಸವೇನೆಂದು ಕೆಲವರು ಕೇಳಿದರು. ಮಕ್ಕಳು ನಮ್ಮಲ್ಲಿ ಆಡಿ, ಹೊತ್ತಿಗೆ ಸರಿಯಾಗಿ ಸಾಲುಗಟ್ಟಿ ತಮ್ಮ ಶಾಲೆಗೆ ಹೋಗಿ ಉಂಡು ಬರುತ್ತಿದ್ದರು. ಶಾಲೆಯ ಪಟ್ಟಿಯಲ್ಲಿ ಹೆಸರಿಲ್ಲದ ಕೂಸುಗಳಿಗಾಗಿ ನಮ್ಮ ಒಲೆಯಲ್ಲಿ ಒಂದು ಚಿಕ್ಕ ಪಾತ್ರೆ ಮೆದು ಅನ್ನ ಬೇಯುತ್ತಲೇ ಇತ್ತು.

ಹಾಜರಿಪುಸ್ತಕವನ್ನು ಈಗಲೂ ಬರೆಯುತ್ತೇವೆ, ರೂಢಿ ಬಿಡದು. ಹುಡುಗಿಯ ಹೆಸರಿನ ಎದುರಿಗೆ ಒಂದು ಹೊಸ ಅಂಕಣವನ್ನು ಎಳೆದು 'ಸಂಗಡ ಬಂದವರು' ಎಂದು ತಲೆಬರಹ ಹಾಕಿದ್ದೇವೆ. ಕಳೆದ ಬೇಸಗೆಯಲ್ಲಿ ಆ ಅಂಕಣದಲ್ಲಿ 11 ಹೆಸರುಗಳಿದ್ದವು. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲವೆಂದು ಒಬ್ಬಳು ಹೇಳಿದಾಗ, ಸದ್ಯಕ್ಕೆ 'ತಮ್ಮ' ಎಂದೇ ಬರೆದುಕೊಂಡೆವು.