ಆತಿಥೇಯನ ಕಣ್ಣು

ಇಂಗ್ಲಿಷಿನ ಹೋಸ್ಟ್, ಗೆಸ್ಟ್ ಎಂಬ ಎರಡು ಪದಗಳ ಮೂಲ ಒಂದೇ ಎಂದು ಎಂ.ಎ. ಓದುವಾಗ ಕಲಿತಿದ್ದೆ. ಅವು ನೌಕರಿಯಲ್ಲಿ ಮತ್ತೆ ಎದುರಾಗುತ್ತವೆಂದು ಎಣಿಸಿರಲಿಲ್ಲ. ಸಾಹಿತ್ಯ ಓದಿದ ನಾನು ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ಬಂದದ್ದು ಆಕಸ್ಮಿಕ. ಅಲ್ಲಿ ಒಂದೊಂದು ಸರ್ವರಿನೊಳಗೂ ಹಲವು ವರ್ಚುವಲ್ ಮಷೀನ್‌ಗಳು ಬಿಡಾರ ಹೂಡಿರುತ್ತವೆ. ಅವು ಅತಿಥಿಗಳು. ಅವುಗಳಿಗೆ ಜಾಗ ಹಂಚಿಕೊಡುವ ಹೈಪರ್‌ವೈಸರ್ ಆತಿಥೇಯ.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಯಂತ್ರ ಸ್ತಬ್ಧವಾಯಿತು. ಕಾರಣ ಹುಡುಕಲು ಅದರ ಮೆಮೊರಿಯನ್ನು ಇಡಿಯಾಗಿ ಒಂದು ಕಡತಕ್ಕೆ ಇಳಿಸಿಕೊಂಡೆ. ಅಸಂಬದ್ಧ ಅಕ್ಷರಗಳ ನಡುವೆ ಸಹೋದ್ಯೋಗಿಯೊಬ್ಬರ ವೈದ್ಯಕೀಯ ವೆಚ್ಚದ ಅರ್ಜಿ ನಿಚ್ಚಳವಾಗಿ ಕಂಡಿತು, ಅವರು ಯಾರಿಗೂ ಹೇಳಿರದ ಕಾಯಿಲೆಯ ಹೆಸರಿನ ಸಮೇತ. ನಾನು ಯಾವ ಬೀಗವನ್ನೂ ಒಡೆದಿರಲಿಲ್ಲ. ಒಡೆಯಲು ಬೀಗವೇ ಇರಲಿಲ್ಲ. ಮರುದಿನ ಊಟದ ವೇಳೆ ಅವರು ಎಂದಿನಂತೆ ಉಪ್ಪಿನಕಾಯಿಯ ಡಬ್ಬಿ ನನ್ನತ್ತ ಸರಿಸಿದರು. ನನಗೆ ಮುಖವೆತ್ತಲಾಗಲಿಲ್ಲ.

2007ರಲ್ಲಿ ಲಿನಕ್ಸ್‌ಗೆ ಸೇರಿದ ಕೆವಿಎಂನಲ್ಲಿ ರೂಢಿಯ ಏರ್ಪಾಟೇ ಅಂಥದು. ಅತಿಥಿಯ ಮೆಮೊರಿಯೆಂದರೆ ಆತಿಥೇಯದ ಕಡೆಯ ಒಂದು ಸಾಮಾನ್ಯ ಪ್ರೋಗ್ರಾಮಿನ ಮೆಮೊರಿಯೇ. ಆ ಪ್ರೋಗ್ರಾಮು ಅದನ್ನು ತನ್ನ ವಿಳಾಸಪಟ್ಟಿಯಲ್ಲಿ ನಮೂದಿಸಿಕೊಂಡಿರುತ್ತದೆ. ಈ ನಮೂದಿಗೆ ಮ್ಯಾಪಿಂಗ್ ಎಂದು ಹೆಸರು. ನಮೂದು ಇದ್ದಲ್ಲಿ ನೋಟಕ್ಕೂ ದಾರಿಯುಂಟು. ಪರವೂರಿನಲ್ಲಿ ಬಾಡಿಗೆಗಿದ್ದವರಿಗೆ ಇದು ಹೊಸತಲ್ಲ: ಮನೆ ನಮ್ಮದು, ಎರಡನೆಯ ಕೀಲಿ ಮಾಲೀಕರದು.

2024ರಲ್ಲಿ ಲಿನಕ್ಸ್ 6.8ರೊಂದಿಗೆ ಗೆಸ್ಟ್ ಮೆಮ್‌ಎಫ್‌ಡಿ ಎಂಬ ಬೇರೊಂದು ಏರ್ಪಾಟು ಬಂತು. ಇದರಲ್ಲಿ ಅತಿಥಿಯ ಖಾಸಗಿ ಪುಟಗಳನ್ನು ಆತಿಥೇಯದ ಪ್ರೋಗ್ರಾಮು ಒದಗಿಸಬಹುದು, ಹಿಂಪಡೆಯಬಹುದು. ತನ್ನ ವಿಳಾಸಪಟ್ಟಿಗೆ ಮಾತ್ರ ಸೇರಿಸಿಕೊಳ್ಳಲಾರದು. 4096 ಬೈಟುಗಳ ಒಂದೊಂದು ಪುಟಕ್ಕೂ ಖಾಸಗಿ ಅಥವಾ ಹಂಚಿಕೆಯದು ಎಂಬ ಗುರುತಿರುತ್ತದೆ. ಡಿಸ್ಕಿಗೋ ನೆಟ್‌ವರ್ಕಿಗೋ ಏನನ್ನಾದರೂ ಕಳುಹಿಸಬೇಕಾದರೆ ಅತಿಥಿ ಅದನ್ನು ಹಂಚಿಕೆಯ ಪುಟಕ್ಕೆ ತಾನೇ ತಂದಿಡುತ್ತದೆ. ಇದರ ಬೆನ್ನಿಗೆ ಪ್ರೊಸೆಸರ್ ಇದೆ. ಎಎಂಡಿಯ ಎಸ್‌ಇವಿ-ಎಸ್‌ಎನ್‌ಪಿಯಲ್ಲಿ ಖಾಸಗಿ ಪುಟಗಳು ಗೂಢಲಿಪಿಯಲ್ಲಿರುತ್ತವೆ. ಯಾವ ಪುಟ ಯಾರದೆಂಬ ದಾಖಲೆಯನ್ನು ಯಂತ್ರಾಂಶವೇ ಪರಿಶೀಲಿಸುತ್ತದೆ. ಆತಿಥೇಯ ಕೊಟ್ಟ ಮಾತ್ರಕ್ಕೆ ಪುಟ ಅತಿಥಿಯದಾಗದು. ಅತಿಥಿ ಅದನ್ನು ಅಂಗೀಕರಿಸಬೇಕು. ಗುಟ್ಟಾಗಿ ಪುಟ ಬದಲಿಸಿದರೆ ಅತಿಥಿಗೆ ಗೊತ್ತಾಗುತ್ತದೆ.

ಇದೂ ಪೂರ್ಣ ರಕ್ಷಣೆಯಲ್ಲ. ಆತಿಥೇಯ ಅತಿಥಿಯನ್ನು ಯಾವಾಗ ಬೇಕಾದರೂ ಹೊರಹಾಕಬಹುದು. ಅದರ ಪೆಟ್ಟಿಗೆ ತೆರೆದು ನೋಡಲಾಗದು, ಅಷ್ಟೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅಂದು ನನ್ನ ಯಂತ್ರ ಸಂಜೆಯೊಳಗೆ ಮತ್ತೆ ನಡೆದದ್ದು ಅದೇ ಮೆಮೊರಿ ಕಡತದ ದೆಸೆಯಿಂದ. ಹೊಸ ಏರ್ಪಾಟಿನಲ್ಲಿ ಆ ಕಡತ ನನ್ನ ಪಾಲಿಗೆ ಬರಿಯ ಗೊಂದಲದ ರಾಶಿಯಾಗುತ್ತಿತ್ತು. ಆದರೂ ಈ ವಿಷಯ ಓದಿದಾಗ ನನಗಾದದ್ದು ನಿರಾಳ. ಅಲ್ಲಿಯವರೆಗೆ ಖಾಸಗಿತನವೆಂದರೆ ನೋಡಬಲ್ಲವನ ಸಭ್ಯತೆ ಎಂದುಕೊಂಡಿದ್ದೆ. ಸಭ್ಯತೆಯನ್ನು ನೆಚ್ಚಬೇಕಾಗಿ ಬಂದಾಗಲೇ ಅತಿಥಿ ಅರ್ಧ ಸೋತಿರುತ್ತಾನೆ.

ಆ ಕಡತವನ್ನು ಅಂದೇ ಅಳಿಸಿದೆ. ಓದಿದ ಆ ಒಂದು ಸಾಲು ಮಾತ್ರ ನನ್ನೊಳಗೆ ಉಳಿದಿದೆ. ಅವರಿಗೆ ಇಂದಿಗೂ ಹೇಳಿಲ್ಲ.