ಹಿಮವಿಲ್ಲದ ಊರಿನಲ್ಲಿ ಸ್ಕೇಟಿಂಗ್

ಮದರಾಸಿಗೂ ಹಿಮಗಡ್ಡೆಗೂ ಇರುವ ನಂಟು ಹಳೆಯದು, ವಿಚಿತ್ರವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗು ಹತ್ತಿ ಬಂದ ಮಂಜುಗಡ್ಡೆಯನ್ನು ಇಲ್ಲಿನ ಕಡಲ ದಂಡೆಯ ಐಸ್ ಹೌಸಿನಲ್ಲಿ ಕೂಡಿಡುತ್ತಿದ್ದರು. ಮುಂದೆ 1897ರಲ್ಲಿ ಸ್ವಾಮಿ ವಿವೇಕಾನಂದರು ಅದೇ ಕಟ್ಟಡದಲ್ಲಿ ತಂಗಿದ್ದರು. ಈಗ ಅದು ಅವರ ಹೆಸರಿನ ಸ್ಮಾರಕ. ಅದನ್ನು ಬಿಟ್ಟರೆ ಈ ಊರಿಗೆ ಹಿಮವೆಂದರೆ ಮೀನು ಮಾರುಕಟ್ಟೆಯ ಪೆಟ್ಟಿಗೆಯಲ್ಲಿರುವುದು, ಕಬ್ಬಿನ ರಸದ ಲೋಟದಲ್ಲಿರುವುದು. ಹಾಲೆಂಡಿನ ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಬೆಳೆದು, 1892ರಲ್ಲಿ ತನ್ನದೇ ಅಂತರರಾಷ್ಟ್ರೀಯ ಸಂಸ್ಥೆಯನ್ನು ಪಡೆದ ವೇಗದ ಸ್ಕೇಟಿಂಗ್ ಎಂಬ ಆಟಕ್ಕೆ ಇಂಥ ಊರಿನಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಬಹುದು.

ಆ ಪ್ರಶ್ನೆಗೆ 2025ರ ಸೆಪ್ಟೆಂಬರಿನಲ್ಲಿ ಉತ್ತರ ಬಂತು. ಚೀನದ ಬೈದೈಹೆಯಲ್ಲಿ ನಡೆದ ವಿಶ್ವ ಸ್ಪೀಡ್ ಸ್ಕೇಟಿಂಗ್ ಚಾಂಪಿಯನ್‌ಶಿಪ್ಪಿನಲ್ಲಿ ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್ ಹಿರಿಯರ 1000 ಮೀಟರ್ ಸ್ಪ್ರಿಂಟಿನಲ್ಲಿ ಚಿನ್ನ ಗೆದ್ದರು. ಈ ಆಟದಲ್ಲಿ ಭಾರತಕ್ಕೆ ದೊರೆತ ಮೊದಲ ಹಿರಿಯ ವಿಶ್ವ ಪಟ್ಟ ಅದು. ಅದೇ ಕೂಟದಲ್ಲಿ ಅವರಿಗೆ 500 ಮೀಟರಿನ ಕಂಚೂ 42 ಕಿಲೋಮೀಟರ್ ಮ್ಯಾರಥಾನಿನ ಚಿನ್ನವೂ ಬಂದವು. ಕಿರಿಯರ 1000 ಮೀಟರಿನಲ್ಲಿ ಕ್ರಿಶ್ ಶರ್ಮಾ ಗೆದ್ದರು. ಇವರಾರೂ ಹಿಮದ ಮೇಲೆ ಓಡಿದವರಲ್ಲ. ಬೂಟಿನ ಕೆಳಗೆ ಒಂದೇ ಸಾಲಿನಲ್ಲಿ ಚಕ್ರಗಳಿರುವ ಇನ್‌ಲೈನ್ ಸ್ಕೇಟಿಂಗ್ ಇವರದು. ಹಿಮವಿಲ್ಲದ ನಾಡುಗಳು ತಮಗಾಗಿ ಕಂಡುಕೊಂಡ ದಾರಿ ಇದು. ದಕ್ಷಿಣ ಅಮೆರಿಕದ ಕೊಲಂಬಿಯ ಈ ದಾರಿಯಲ್ಲಿಯೇ ಜಗತ್ತಿನ ಮುಂಚೂಣಿಗೆ ಬಂದಿತು. ಆ ಕೊಲಂಬಿಯದ ಇಬಾಗೆಯಲ್ಲಿಯೇ 2021ರಲ್ಲಿ ಆನಂದಕುಮಾರ್ ಕಿರಿಯರ ವಿಶ್ವ ಕೂಟದ 15 ಕಿಲೋಮೀಟರ್ ಎಲಿಮಿನೇಷನ್ ಓಟದಲ್ಲಿ ಬೆಳ್ಳಿ ಗೆದ್ದಿದ್ದರು.

ಪುರಸೈವಾಕ್ಕಮಿನಲ್ಲಿ ಮೂರು ದಶಕಗಳಿಂದ ನೆಲೆಸಿರುವ ನನಗೆ ಈ ಆಟದ ಒಳಹೊರಗುಗಳನ್ನು ಕಲಿಸಿದವಳು ನನ್ನ ಮೊಮ್ಮಗಳು. ಈಗ ಒಂಬತ್ತನೆಯ ತರಗತಿ. ಏಳು ವರ್ಷದವಳಿದ್ದಾಗ ಎರಡೆರಡು ಚಕ್ರಗಳ ಜೋಡಿಯಿರುವ ಕ್ವಾಡ್ ಸ್ಕೇಟಿನಿಂದ ಆರಂಭಿಸಿ, ಬಿದ್ದು ಎದ್ದು, ಇನ್‌ಲೈನಿಗೆ ಬಂದವಳು. ಪುರಸು ಎಂದರೆ ನಮ್ಮ ಮುತ್ತುಗದ ಮರ. ಅದರಿಂದಲೇ ಈ ಬಡಾವಣೆಗೆ ಹೆಸರು ಬಂದಿತೆಂದು ಹೇಳುತ್ತಾರೆ. ಇಂದು ಇಲ್ಲಿ ಮುತ್ತುಗಕ್ಕೂ ಎಡೆಯಿಲ್ಲ, ಚಕ್ರಕ್ಕೂ ಎಡೆಯಿಲ್ಲ. ಹೈ ರೋಡಿನ ತುಂಬ ಜವಳಿ ಅಂಗಡಿ, ಪಾತ್ರೆ ಅಂಗಡಿ, ಚಿನ್ನದಂಗಡಿ. ದೀಪಾವಳಿ ಬಂತೆಂದರೆ ನಡೆಯುವುದೂ ಕಷ್ಟ. ಆದುದರಿಂದ ಮಕ್ಕಳ ಅಭ್ಯಾಸವೆಲ್ಲ ಬೆಳಗಿನ ಐದು ಗಂಟೆಗೆ, ಊರು ಕಣ್ಣು ಬಿಡುವ ಮುನ್ನ. ಅವಳ ಅಪ್ಪನಿಗೆ ರಾತ್ರಿ ಪಾಳಿಯಿದ್ದ ದಿನಗಳಲ್ಲಿ ಜೊತೆಗೆ ಹೋಗುವ ಕೆಲಸ ನನ್ನದು. ಗಂಗಾಧೀಶ್ವರರ ಗುಡಿಯ ಬಾಗಿಲು ತೆರೆಯುವ ಹೊತ್ತಿಗೆ ಈ ಮಕ್ಕಳು ಹತ್ತಾರು ಸುತ್ತು ಮುಗಿಸಿರುತ್ತಾರೆ.

ಹೊರಗಿನಿಂದ ನೋಡುವವನಿಗೆ ಇದು ಬರಿಯ ವೇಗದ ಆಟ. ಮೈದಾನದ ಅಂಚಿನಲ್ಲಿ ಕುಳಿತು ನೋಡುತ್ತ ಬಂದರೆ ಇದು ಸಂಯಮದ ಆಟವೆಂದು ತಿಳಿಯುತ್ತದೆ. ಮುಂದೆ ಓಡುವವನು ಗಾಳಿಯನ್ನು ಸೀಳಬೇಕು. ಅವನ ಬೆನ್ನಿಗೆ ಅಂಟಿಕೊಂಡವನಿಗೆ ಆ ಶ್ರಮದಲ್ಲಿ ಒಂದು ಪಾಲು ಉಳಿತಾಯ. ಹಾಗಾಗಿ ಎಲ್ಲರಿಗೂ ಎರಡನೆಯವರಾಗಿರುವ ಆಸೆ, ಕೊನೆಯ ತಿರುವಿನವರೆಗೆ. ಆದರೆ ತೀರ ಹಿಂದೆ ಉಳಿದರೆ ಸಂದಿ ಸಿಕ್ಕುವುದಿಲ್ಲ. ಸೊಂಟ ಬಾಗಿಸಿ, ಮಂಡಿ ಮಡಿಸಿ, ಸದಾ ಎಡಕ್ಕೆ ತಿರುಗುತ್ತ, ಬಲಗಾಲನ್ನು ಎಡಗಾಲಿನ ಮೇಲಿನಿಂದ ದಾಟಿಸುತ್ತ ಓಡುವಾಗ ಯಾವ ಕ್ಷಣದಲ್ಲಿ ಹೊರಬರಬೇಕೆಂಬುದನ್ನು ಮೈಯೇ ತೀರ್ಮಾನಿಸಬೇಕು. ಇದಕ್ಕೆ ಅಂಕಿಗಳೇ ಸಾಕ್ಷಿ. 2025ರ ಆಗಸ್ಟಿನಲ್ಲಿ ಚೆಂಗ್ಡುವಿನ ವಿಶ್ವ ಕ್ರೀಡಾಕೂಟದಲ್ಲಿ ಆನಂದಕುಮಾರ್ 1000 ಮೀಟರನ್ನು 1 ನಿಮಿಷ 22.482 ಸೆಕೆಂಡುಗಳಲ್ಲಿ ಓಡಿದರು, ಸಿಕ್ಕಿದ್ದು ಕಂಚು. ಮರುತಿಂಗಳು ಬೈದೈಹೆಯಲ್ಲಿ 1 ನಿಮಿಷ 24.924 ಸೆಕೆಂಡುಗಳಲ್ಲಿ ಓಡಿದರು. ಸಿಕ್ಕಿದ್ದು ವಿಶ್ವ ಪಟ್ಟ. ಎರಡು ಸೆಕೆಂಡಿಗೂ ಮಿಕ್ಕಿ ನಿಧಾನವಾಗಿ ಓಡಿದವನು ಗೆದ್ದ! ಪರೀಕ್ಷೆಯ ಅಂಕಪಟ್ಟಿಯನ್ನೇ ಪ್ರಮಾಣವೆಂದು ನಂಬಿ ಬೆಳೆದ ನಮ್ಮಂಥವರು ಈ ಲೆಕ್ಕವನ್ನು ಎರಡು ಬಾರಿ ಓದಬೇಕಾಗುತ್ತದೆ. ಇಲ್ಲಿ ಗಡಿಯಾರ ಎದುರಾಳಿಯಲ್ಲ; ಪಕ್ಕದಲ್ಲಿ ಓಡುವವನು ಎದುರಾಳಿ.

ಇನ್ನೊಂದು ಓಟದ ಮಾತನ್ನೂ ಹೇಳಬೇಕು. 2023ರ ಅಕ್ಟೋಬರ್ 2ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ 3000 ಮೀಟರ್ ರಿಲೇ. ಕೊರಿಯಾದ ಕೊನೆಯ ಓಟಗಾರ ಜಂಗ್ ಚಿಯೋಲ್-ವೊನ್ ಗೆದ್ದೆನೆಂದು ಗೆರೆಯ ಮುಂದೆಯೇ ಎರಡೂ ಕೈ ಮೇಲೆತ್ತಿದ. ಹಿಂದಿನಿಂದ ಬಂದ ತೈವಾನಿನ ಹುವಾಂಗ್ ಯು-ಲಿನ್ ಕಾಲು ಚಾಚಿದ. ಅಂತರ 0.01 ಸೆಕೆಂಡ್; ಚಿನ್ನ ತೈವಾನಿಗೆ. ಚಿನ್ನ ಗೆದ್ದ ಕೊರಿಯನ್ನರಿಗೆ ಕಡ್ಡಾಯ ಸೈನಿಕ ಸೇವೆಯಲ್ಲಿ ವಿನಾಯಿತಿ ಸಿಗುವ ನಿಯಮವಿರುವುದರಿಂದ ಆ ಒಂದು ಗಳಿಗೆಯ ಬೆಲೆ ಪದಕಕ್ಕಿಂತ ದೊಡ್ಡದಾಗಿತ್ತು. ಜಗತ್ತೆಲ್ಲ ಆ ಚಿತ್ರವನ್ನು ನೋಡಿತು. ಅದೇ ಓಟದಲ್ಲಿ ಮೂರನೆಯವರಾಗಿ ಬಂದವರು ನಮ್ಮವರೆಂಬುದನ್ನು ಮಾತ್ರ ಬಹಳ ಮಂದಿ ಗಮನಿಸಲಿಲ್ಲ: ಆರ್ಯನ್‌ಪಾಲ್ ಸಿಂಗ್ ಘುಮನ್, ಆನಂದಕುಮಾರ್ ವೇಲ್‌ಕುಮಾರ್, ಸಿದ್ಧಾಂತ್ ಕಾಂಬ್ಳೆ, ವಿಕ್ರಮ್ ಇಂಗಳೆ. ಅದೇ ದಿನ ಮಹಿಳೆಯರ ರಿಲೇಯಲ್ಲಿಯೂ ಕಂಚು ಬಂತು: ಸಂಜನಾ ಬತುಲ, ಕಾರ್ತಿಕಾ ಜಗದೀಶ್ವರನ್, ಹೀರಲ್ ಸಾಧು, ಆರತಿ ಕಸ್ತೂರಿರಾಜ್. 2010ರ ಗುವಾಂಗ್‌ಝೌ ಕೂಟದಲ್ಲಿ ಅನೂಪ್ ಕುಮಾರ್ ಯಾಮಾ ಕಲಾತ್ಮಕ ಸ್ಕೇಟಿಂಗಿನಲ್ಲಿ ತಂದ ಕಂಚುಗಳ ಬಳಿಕ, ಹದಿಮೂರು ವರ್ಷಗಳ ಮೇಲೆ ಏಷ್ಯನ್ ಕೂಟದಲ್ಲಿ ನಮ್ಮ ಚಕ್ರಗಳಿಗೆ ಬಂದ ಪದಕಗಳಿವು.

ಆ ಹೆಸರುಗಳನ್ನು ಮೊಮ್ಮಗಳು ಗೋಡೆಯ ಮೇಲೆ ಬರೆದು ಅಂಟಿಸಿದ್ದಾಳೆ. ಬೇರೆ ಬೇರೆ ರಾಜ್ಯಗಳಿಂದ, ಬೇರೆ ಬೇರೆ ಮನೆಮಾತುಗಳಿಂದ ಬಂದವರು. ಇಲ್ಲಿಯೇ ನಮ್ಮ ಮನೆಯ ಹಳೆಯ ಚರ್ಚೆಯೂ ಆರಂಭವಾಗುತ್ತದೆ. ತುಮಕೂರಿನಿಂದ ಬಂದ ನೆಂಟರು ಅವಳ ಪದಕಗಳನ್ನು ಮುಟ್ಟಿ ನೋಡಿ, “ಎಲ್ಲ ಸರಿಯಮ್ಮಾ, ಕರ್ನಾಟಕಕ್ಕೆ ಯಾಕೆ ಆಡಲ್ಲ?” ಎಂದು ಕೇಳುತ್ತಾರೆ. ನಿಯಮದ ಉತ್ತರ ಸುಲಭ. ಹುಟ್ಟಿದ್ದು ಇಲ್ಲಿ, ಓದುವುದು ಇಲ್ಲಿ, ಕ್ಲಬ್ಬಿನ ನೋಂದಣಿ ಇಲ್ಲಿ. ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೆಟ್ಟಿಲು ಹತ್ತುವುದೂ ಇಲ್ಲಿಂದಲೇ. ಮನಸ್ಸಿನ ಉತ್ತರ ಅಷ್ಟು ಸುಲಭವಲ್ಲ. ಟಿ. ನಗರದ ಕರ್ನಾಟಕ ಸಂಘಕ್ಕೆ ಕೈಹಿಡಿದು ಕರೆದುಕೊಂಡು ಹೋಗಿ, ರಾಜ್ಯೋತ್ಸವದ ಹಾಡು ಕಲಿಸಿ, ಮನೆಯಲ್ಲಿ ಕನ್ನಡವನ್ನೇ ಆಡಬೇಕೆಂದು ಹಟ ಹಿಡಿದ ಪೀಳಿಗೆ ನಮ್ಮದು. ಆ ಮಗು ಎದೆಯ ಮೇಲೆ ‘ತಮಿಳುನಾಡು’ ಎಂದು ಬರೆದ ಅಂಗಿ ತೊಟ್ಟು ಬೆಂಗಳೂರಿನ ಹುಡುಗಿಯ ಬೆನ್ನಟ್ಟಿ ಓಡುವಾಗ ನಾವು ಯಾರ ಹೆಸರನ್ನು ಕೂಗಬೇಕು?

ನಾನು ಅವಳ ಹೆಸರನ್ನೇ ಕೂಗಿದ್ದೇನೆ, ಕನ್ನಡದಲ್ಲಿಯೇ. ಅವಳು ಅದನ್ನು ಕೇಳಿಸಿಕೊಂಡಿದ್ದಾಳೆ. “ತಾತ, ಗಲಾಟೆಯಲ್ಲಿ ‘ಬಾಗು, ಬಾಗು’ ಅಂದದ್ದು ನೀವೊಬ್ಬರೇ. ಗೊತ್ತಾಯ್ತು” ಎಂದಿದ್ದಳು. ಬಿದ್ದಾಗ ಅವಳ ಬಾಯಿಂದ ಬರುವುದು “ಅಮ್ಮಾ”, ಎರಡೂ ಭಾಷೆಗೆ ಸಲ್ಲುವ ಮಾತು. ಎಬ್ಬಿಸಿದ ಕೋಚು ತಮಿಳರು. ಮಂಡಿಗೆ ಮುಲಾಮು ಹಚ್ಚಿದ ಗೆಳತಿಯ ಮನೆಯಲ್ಲಿ ಆಡುವುದು ತೆಲುಗು. ಹೊರನಾಡು ಎಂಬ ಮಾತು ನನಗೆ ಒಪ್ಪುತ್ತದೆ, ಏಕೆಂದರೆ ನನಗೊಂದು ಒಳನಾಡು ನೆನಪಿದೆ. ಅವಳಿಗೆ ಇದೇ ಒಳನಾಡು. ಕನ್ನಡ ಅವಳ ಜೊತೆಗಿರಬೇಕೆಂದು ಆಸೆಪಡುವ ಹಕ್ಕು ನನಗಿದೆ. ಅಂಗಿಯ ಮೇಲಿನ ಅಕ್ಷರಗಳಿಗಾಗಿ ಅವಳ ಓಟವನ್ನು ಅಳೆಯುವ ಹಕ್ಕು ಇಲ್ಲ.

ನಿಜವಾದ ಸಂಕಟ ಬೇರೆಯದು. ಬರುವ ವರ್ಷ ಹತ್ತನೆಯ ತರಗತಿ. ಇವಳ ಜೊತೆ ಆರಂಭಿಸಿದ ಹನ್ನೆರಡು ಮಕ್ಕಳಲ್ಲಿ ಈಗ ಉಳಿದವರು ಮೂವರು. ಬೆಳೆಯುವ ಕಾಲಿಗೆ ಬೂಟು ವರ್ಷವರ್ಷವೂ ಬದಲಾಗಬೇಕು, ಚಕ್ರ ಸವೆಯುತ್ತದೆ, ಬೇರಿಂಗು ಮಳೆನೀರಿಗೆ ತುಕ್ಕು ಹಿಡಿಯುತ್ತದೆ. ಇನ್‌ಲೈನ್ ವೇಗದ ಓಟ 2018ರ ಬ್ಯೂನಸ್ ಐರಿಸ್ ಯುವ ಒಲಿಂಪಿಕ್ಸಿನಲ್ಲಿತ್ತು. ಹಿರಿಯರ ಒಲಿಂಪಿಕ್ಸಿನಲ್ಲಿ ಇಲ್ಲ. “ಒಲಿಂಪಿಕ್ಸಿನಲ್ಲಿ ಇಲ್ಲದ ಆಟಕ್ಕೆ ಇಷ್ಟೊಂದು ಯಾಕೆ?” ಎಂಬುದು ಅವಳ ಅಪ್ಪನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಅವಳ ಬಳಿ ಉತ್ತರಗಳ ಪಟ್ಟಿಯಿದೆ. ಅಮೆರಿಕದ ಫ್ಲಾರಿಡಾದಂಥ ಬಿಸಿಲ ನಾಡಿನ ಎರಿನ್ ಜಾಕ್ಸನ್ ಚಕ್ರಗಳಿಂದ ಹಿಮಕ್ಕೆ ಬಂದು 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿನಲ್ಲಿ 500 ಮೀಟರಿನ ಚಿನ್ನ ಗೆದ್ದದ್ದು. ಚಕ್ರಗಳ ಮೇಲೆ ಹಲವು ಬಾರಿ ವಿಶ್ವ ಪಟ್ಟ ಗೆದ್ದ ಬೆಲ್ಜಿಯಮಿನ ಬಾರ್ಟ್ ಸ್ವಿಂಗ್ಸ್ ಅದೇ ಕೂಟದ ಮಾಸ್ ಸ್ಟಾರ್ಟಿನಲ್ಲಿ ಚಿನ್ನ ಗೆದ್ದದ್ದು. ಆನಂದಕುಮಾರ್ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಲೇ ಓಡಿದ್ದು. ಕೊನೆಯದನ್ನು ಅವಳು ಬೇಕೆಂದೇ ಅಪ್ಪನಿಗಾಗಿ ಇಟ್ಟುಕೊಂಡಿರುತ್ತಾಳೆ.

ಒಬ್ಬ ವಿಶ್ವ ಚಾಂಪಿಯನ್ ಬಂದನೆಂದರೆ ಆಟ ನೆಲೆಯೂರಿತು ಎಂದಲ್ಲ. ಅವನ ಹಿಂದೆ ಬರುವ ನೂರು ಮಕ್ಕಳಲ್ಲಿ ಎಷ್ಟು ಮಂದಿ ಹದಿನೈದರ ವಯಸ್ಸನ್ನು ದಾಟಿ ಉಳಿಯುತ್ತಾರೆ ಎಂಬುದೇ ನಿಜವಾದ ಲೆಕ್ಕ. ಇವರಲ್ಲಿ ಬಹುಪಾಲು ಮಕ್ಕಳು ವೇದಿಕೆ ಹತ್ತುವುದಿಲ್ಲ. ಆದರೂ ಎಲ್ಲರೂ ಗಾಳಿಯನ್ನು ಸೀಳಿ, ಹಿಂದೆ ಬರುವವರ ದಾರಿಯನ್ನು ಸ್ವಲ್ಪ ಹಗುರ ಮಾಡಿಯೇ ಹೋಗಿರುತ್ತಾರೆ.

ಅಪ್ಪ ಮಗಳ ನಡುವೆ ಸದ್ಯಕ್ಕೆ ಒಂದು ಒಪ್ಪಂದವಾಗಿದೆ. ವಾರದಲ್ಲಿ ಆರು ದಿನದ ಬದಲು ನಾಲ್ಕು ದಿನ ಅಭ್ಯಾಸ. ಅರ್ಧವಾರ್ಷಿಕ ಪರೀಕ್ಷೆಯ ಬಳಿಕ ಮತ್ತೆ ಮಾತು. ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಕೇಳಿದರೆ, ಎರಡು ಸೆಕೆಂಡು ನಿಧಾನವಾಗಿ ಓಡಿ ಗೆದ್ದವನ ಲೆಕ್ಕವನ್ನು ಮಗನ ಮುಂದಿಡಬೇಕೆಂದಿದ್ದೇನೆ.