ಅಟ್ಟದಿಂದ ಇಳಿದ ಬಾಯ್ಲರ್

ಲೀಡ್ಸ್, ಜನವರಿ

ಅಪ್ಪಯ್ಯ,

ಅಕ್ಕನ ಮನೆಯಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಇಲ್ಲಿಯ ಬಾಯ್ಲರ್ ಅಟ್ಟದಿಂದ ಅಡುಗೆಮನೆಗೆ ಇಳಿಯಿತು. ಮನೆ ಕಟ್ಟಿಸುವಾಗ ಹಂಡೆ ಎಲ್ಲಿ ಕೂರಬೇಕೆಂದು ಮೇಸ್ತ್ರಿಯ ಜೊತೆ ಅರ್ಧ ದಿನ ಕೂತವರು ನೀವು. ಈ ಸುದ್ದಿ ಮೊದಲು ನಿಮಗೇ ತಲುಪಬೇಕು.

ಬಾಯ್ಲರ್ ಎಂದರೆ ಗೋಡೆಗೆ ತೂಗುಹಾಕಿದ ಗ್ಯಾಸಿನ ಪೆಟ್ಟಿಗೆ. ಸ್ನಾನದ ನೀರನ್ನೂ ಅದೇ ಕಾಯಿಸಬೇಕು, ಕೋಣೆಕೋಣೆಯ ರೇಡಿಯೇಟರಿಗೂ ಅದೇ ಬಿಸಿನೀರು ಕಳಿಸಬೇಕು. ಜಾಗ ಉಳಿಯಲೆಂದು ಹಿಂದಿನ ಮಾಲೀಕರು ಅದನ್ನು ಅಟ್ಟಕ್ಕೇರಿಸಿದ್ದರು. ಕೆಳಗಿನ ಬಿಸಿ ಮೇಲೇರದಂತೆ ಅಟ್ಟದ ನೆಲಕ್ಕೆ ದಪ್ಪ ಹೊದಿಕೆ ಹಾಸಿರುವುದರಿಂದ ಅಟ್ಟದಲ್ಲಿ ಹೆಚ್ಚುಕಡಿಮೆ ಹೊರಗಿನಷ್ಟೇ ಚಳಿ. ನಮ್ಮ ಬಚ್ಚಲ ಹಂಡೆಯಿಂದ ಸೋರುವ ಶಾಖ ಬಚ್ಚಲನ್ನಾದರೂ ಬೆಚ್ಚಗಿಡುತ್ತದೆ. ಇಲ್ಲಿ ಅದೆಲ್ಲ ಮಾಡಿನ ಪಾಲು.

ಕಳೆದ ವಾರ ಅಕ್ಕ ನಲ್ಲಿಗೆ ಸ್ಟೀಲ್ ಪಾತ್ರೆ ಒಡ್ಡಿದಳು. ನೀರು ಬಿಸಿಯಾಗುವ ಹೊತ್ತಿಗೆ ಮೂರು ಲೀಟರಿನ ಪಾತ್ರೆ ತುಂಬಿ ಚೆಲ್ಲಿತು. ಅಟ್ಟದಿಂದ ನಲ್ಲಿಯವರೆಗೆ ಉದ್ದದ ದಾರಿ; 15 ಮಿ.ಮೀ. ತಾಮ್ರದ ಪೈಪಿನಲ್ಲಿ ಮೀಟರಿಗೆ ಸುಮಾರು 150 ಮಿ.ಲೀ. ನೀರು ನಿಲ್ಲುತ್ತದೆ. ನಲ್ಲಿ ಮುಚ್ಚಿದರೆ ಅಷ್ಟೂ ಬಿಸಿನೀರು ಅಲ್ಲೇ ತಣ್ಣಗಾಗುತ್ತದೆ.

ಅಟ್ಟದಲ್ಲಿ ಇನ್ನೊಂದು ತೊಂದರೆಯೂ ಇತ್ತು. 2005ರಿಂದ ಇಂಗ್ಲೆಂಡಿನಲ್ಲಿ ಹೊಸ ಗ್ಯಾಸ್ ಬಾಯ್ಲರ್‌ಗಳು ಬಹುತೇಕ ಕಂಡೆನ್ಸಿಂಗ್ ಬಗೆಯವು. ಹೊಗೆಯಲ್ಲಿರುವ ಹಬೆಯನ್ನು ನೀರಾಗಿಸಿ, ಅದರ ಶಾಖವನ್ನೂ ಬಿಡದೆ ಹಿಡಿಯುತ್ತವೆ. ಆ ನೀರು ಹೊರಹೋಗಲು ಒಂದು ಪ್ಲಾಸ್ಟಿಕ್ ಪೈಪು. ಹೊರಗೋಡೆಯುದ್ದಕ್ಕೂ ಇಳಿಬಿಟ್ಟಿದ್ದ ಈ ಮನೆಯ ಪೈಪು ಹೋದ ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಬಾಯ್ಲರ್ ನಿಂತೇಹೋಯಿತಂತೆ. ಭಾವ ಬೆಚ್ಚನೆಯ ನೀರು ಹೊಯ್ದು ಕರಗಿಸುವವರೆಗೆ ಮಗು ಎರಡು ಸ್ವೆಟರ್ ತೊಟ್ಟು ಕೂತಿತ್ತು. 2010ರ ಡಿಸೆಂಬರಿನ ಚಳಿಯಲ್ಲಿ ಬ್ರಿಟನ್ನಿನ ಸಾವಿರಾರು ಮನೆಗಳ ಕಥೆ ಇದೇ.

ಈಗಿನ ಜಾಗ ಸಿಂಕಿನ ಪಕ್ಕದ ಗೋಡೆ, ನೆತ್ತಿಯ ಮೇಲೇ ಬಚ್ಚಲು. ಹೊಗೆ ಕೊಳವೆ ಕಿಟಕಿಯಿಂದ ದೂರಕ್ಕೆ, ನೇರ ಗೋಡೆ ದಾಟಿತು. ಹೆಪ್ಪುಗಟ್ಟುತ್ತಿದ್ದ ಪೈಪು ಮನೆಯೊಳಗೇ ಸಿಂಕಿನ ಕೊಳವೆ ಸೇರಿತು. ಕೆಲಸ ಮಾಡಿದವರು ‘ಗ್ಯಾಸ್ ಸೇಫ್’ ನೋಂದಣಿ ಇದ್ದವರು. ಬೇರೆಯವರು ಗ್ಯಾಸಿನ ಕೆಲಸ ಮುಟ್ಟುವ ಹಾಗಿಲ್ಲ. ಹೊರಡುವ ಮುನ್ನ ಅವರು ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯನ್ನು 75ರಿಂದ 60 ಡಿಗ್ರಿಗೆ ಇಳಿಸಿದರು. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೇ ಹಬೆ ನೀರಾಗುವುದು. ಅದು ತಪ್ಪಿದರೆ, ಜಾಗ ಎಷ್ಟೇ ಚೆನ್ನಾಗಿದ್ದರೂ ಉಳಿತಾಯ ಅರೆಬರೆ.

ನಿನ್ನೆ ಅದೇ ಪಾತ್ರೆ ಅರ್ಧ ತುಂಬುವ ಮೊದಲೇ ಹಬೆಯಾಡಿತು. ಬಾಯ್ಲರಿಗಾಗಿ ಅಕ್ಕ ಅಡುಗೆಮನೆಯ ಒಂದು ಕಪಾಟು ಬಿಟ್ಟುಕೊಟ್ಟಿದ್ದಾಳೆ. ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಇರುತ್ತಿದ್ದದ್ದು ಅದರಲ್ಲೇ. ಸದ್ಯಕ್ಕೆ ಭರಣಿ ಮೆಟ್ಟಿಲ ಕೆಳಗೆ ಕೂತಿದೆ.

ಇಂತಿ ನಿಮ್ಮ ಮಗ